ಮರೆಯಾದ ಚಿತ್ರ ಮಿದುಳಿನಲ್ಲಿ ಎಲ್ಲಿರುತ್ತದೆ?

ಪ್ರಶ್ನೆ: ಓಡುವ ಬಸ್ಸಿನ ಬೋರ್ಡ್ ಕ್ಷಣಮಾತ್ರ ಕಾಣುತ್ತದೆ. ‘ನಂಬರ್ ಎಷ್ಟೇ?’ ಎಂದು ಅಮ್ಮ ಆಗಲೇ ಕೇಳಿದರೆ ಹೇಳುತ್ತೇನೆ, ತಡವಾದರೆ ಆಗುವುದಿಲ್ಲ. ಯಾಕೆ ಸರ್?
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಅಮ್ಮ ಯಾವಾಗ ಕೇಳುತ್ತಾರೆ ಎನ್ನುವುದರಲ್ಲೇ ಗುಟ್ಟಿದೆ ಕಣಮ್ಮಾ. 1960ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಪರ್ಲಿಂಗ್ ಮೂರು ಸಾಲುಗಳಲ್ಲಿ 12 ಅಕ್ಷರಗಳನ್ನು ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ತೋರಿಸಿದರು. ಎಲ್ಲವನ್ನೂ ಹೇಳಿ ಎಂದರೆ ಜನ ನಾಲ್ಕೈದಕ್ಕೆ ನಿಂತುಬಿಟ್ಟರು. ಆದರೆ ಅಕ್ಷರ ಮರೆಯಾದ ಕೂಡಲೇ ಒಂದು ಸ್ವರ ಕೇಳಿಸಿ, ಏರುಸ್ವರಕ್ಕೆ ಮೇಲಿನ ಸಾಲು, ನಡುಸ್ವರಕ್ಕೆ ಮಧ್ಯದ್ದು, ಇಳಿಸ್ವರಕ್ಕೆ ಕೆಳಗಿನದು ಎಂದಾಗ, ಕೇಳಿದ ಸಾಲಿನಲ್ಲಿ ನಾಲ್ಕಕ್ಕೆ ಮೂರರಷ್ಟು ಹೇಳಿದರು! ಸ್ವರ ಒಂದು ಸೆಕೆಂಡ್ ತಡವಾದರೆ ಆ ಅನುಕೂಲ ಹೋಯಿತು. ಅಂದರೆ ಕಂಡದ್ದು ಮರೆಯಾದ ಮೇಲೂ ಕ್ಷಣಕಾಲ ಮನಸ್ಸಿನಲ್ಲಿ ಉಳಿದು ಮಾಸುತ್ತದೆ; ನಿನ್ನ ಬಸ್ಸಿನ ನಂಬರಿನದೂ ಇದೇ ಕಥೆ. ಮನೋವಿಜ್ಞಾನದ ಪಾಠವನ್ನು ನಾನು ಈ ಪ್ರಯೋಗದಿಂದಲೇ ಶುರುಮಾಡುವುದು.

ಮಿದುಳಿನೊಳಗಿನ ಕಥೆ ಇನ್ನೂ ಸೊಗಸು. 2009ರಲ್ಲಿ ಹ್ಯಾರಿಸನ್ ಮತ್ತು ಟಾಂಗ್ ಎಂಬ ಸಂಶೋಧಕರು ಬೇರೆ ಬೇರೆ ಓರೆಯ ಎರಡು ಪಟ್ಟೆಚಿತ್ರ ತೋರಿಸಿ, ಆಮೇಲೆ ಮೊದಲನೆಯದನ್ನೋ ಎರಡನೆಯದನ್ನೋ ನೆನಪಿಡಲು ‘1’ ಅಥವಾ ‘2’ ಎಂಬ ಸೂಚನೆ ಕೊಟ್ಟರು. ಮುಂದಿನ 11 ಸೆಕೆಂಡ್ ಪರದೆಯಲ್ಲಿ ಚಿತ್ರವೇ ಇಲ್ಲ. ಕಂಡದ್ದನ್ನು ಗ್ರಹಿಸುವ ಮಿದುಳಿನ ಹೊರಪದರದ ಭಾಗವಾದ, ತಲೆಯ ಹಿಂಬದಿಯ ದೃಷ್ಟಿ ಕಾರ್ಟೆಕ್ಸಿನ ಒಟ್ಟು ಚಟುವಟಿಕೆ ತಗ್ಗಿತು. ಆದರೂ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನಿನಲ್ಲಿ ಅಲ್ಲಿನ ಚಟುವಟಿಕೆಯ ವಿನ್ಯಾಸ ನೋಡಿಯೇ ಯಾವ ಓರೆ ನೆನಪಿನಲ್ಲಿದೆ ಎಂದು ಶೇ. 80ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಬಹುದಿತ್ತು. ಕಣ್ಣು ಎರಡನ್ನೂ ಕಂಡಿತ್ತು. ಯಾವುದು ಉಳಿಯಬೇಕೆಂದು ಗೊತ್ತುಮಾಡಿದ್ದು ಸೂಚನೆ. ಇಂಥ ಅಲ್ಪಕಾಲದ ನೆನಪಿನ ಮುಖ್ಯ ನೆಲೆ ಈ ದೃಷ್ಟಿ ಕಾರ್ಟೆಕ್ಸೋ, ಹಣೆಯ ಹಿಂದಿನ ಮಿದುಳಿನ ಭಾಗವೋ ಎಂಬ ವಾದ ಮುಗಿದಿಲ್ಲ. ಎರಡೂ ಕೂಡಿ ದುಡಿಯುತ್ತವೆ ಎಂಬ ಪಕ್ಷ ನನ್ನದು.