ಪಡುವಣ ಗೋಡೆಯ ತೇವ ಮತ್ತು ಹಿತ್ತಲಿನ ತರಕಾರಿ ಮಡಿ: ಮೊದಲು ಸೂರಿನ ನೀರಿಗೆ ದಾರಿ

ನಮಸ್ಕಾರ. ಸಾಗರ ತಾಲ್ಲೂಕಿನಿಂದ ಸಹೋದರಿಯೊಬ್ಬರು ಕೇಳಿರುವ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಅವರದು ಸುಮಾರು 60 ವರ್ಷದ ಹಂಚಿನ ಮನೆ. ಗೋಡೆ ಜಂಬಿಟ್ಟಿಗೆಯದು (ಕೆಂಪು ಮುರಕಲ್ಲು), ಕಲ್ಲುಗಳ ನಡುವೆ ಕೆಸರುಮಣ್ಣಿನ ಬೆಸುಗೆ. ಎಂಟು ವರ್ಷಗಳ ಹಿಂದೆ ಪಡುವಣ ದಿಕ್ಕಿನ ಹಿಂಗೋಡೆಗೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದ್ದರು. ಈಗ ನೆಲದಿಂದ ಮೂರು ಅಡಿಯವರೆಗೆ ತೇವ ಏರಿದೆ, ಬಿಳಿ ಉಪ್ಪು ಉಕ್ಕಿದೆ, ಗಿಲಾವು ಹಾಳೆಹಾಳೆಯಾಗಿ ಕಳಚುತ್ತಿದೆ. ಮಳೆ ಹಿಡಿಯುವುದರೊಳಗೆ ತಾವೇ ಹೊಸ ಗಿಲಾವು ಮಾಡಿ, ಅದೇ ಗೋಡೆಯ ಬುಡದಲ್ಲಿ ಬಸಳೆ, ಬೆಂಡೆಗೆ ಮಡಿ ಕಟ್ಟಬೇಕೆಂಬುದು ಅವರ ಇಚ್ಛೆ. ಊರಿನ ಗಾರೆ ಕೆಲಸದವರು ಮೂರಡಿ ಎತ್ತರಕ್ಕೆ ಟೈಲ್ಸ್ ಅಂಟಿಸಿಬಿಡಿ ಎಂದಿದ್ದಾರಂತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಳೆಗಾಲಕ್ಕೆ ಮುಂಚೆ ಗಿಲಾವು ಬೇಡ, ಟೈಲ್ಸ್ ಯಾವಾಗಲೂ ಬೇಡ, ಮಡಿಯನ್ನು ಗೋಡೆಯಿಂದ ಐದು ಅಡಿ ಆಚೆಗೆ ಕಟ್ಟಿ. ಮೇ ಮಧ್ಯದಿಂದ ಮಳೆ ಹಿಡಿಯುವವರೆಗೆ ಉಳಿದಿರುವ ಎರಡು ಮೂರು ವಾರಗಳನ್ನು ಸೂರಿನ ನೀರಿಗೆ ದಾರಿ ಮಾಡುವುದಕ್ಕೆ ಬಳಸಿ. ಗಿಲಾವು ದೀಪಾವಳಿ ಕಳೆದ ಮೇಲಿನ ಕೆಲಸ.

ಕಾರಣ ಹೀಗಿದೆ. ಒಂದು ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಹಿಂಬದಿಯ ಮಾಡು ಉದ್ದದಲ್ಲಿ 20 ಅಡಿ, ಇಳಿಜಾರಿನಲ್ಲಿ 16 ಅಡಿ ಎಂದು ಬರೆದಿದ್ದೀರಿ. ಅಂದರೆ ಸುಮಾರು 30 ಚದರ ಮೀಟರ್. ನಮ್ಮ ಮಲೆನಾಡಿನಲ್ಲಿ ಜುಲೈ ತಿಂಗಳಿನಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಅಪರೂಪವೇನಲ್ಲ. ಆ ಒಂದು ದಿನ ನಿಮ್ಮ ಹಿಂಗೋಡೆಯ ಮುಂದೆ, ಸೂರಿನ ಕೆಳಗಿನ ಒಂದು ಗೆರೆಯ ಮೇಲೆ, ಹತ್ತಿರಹತ್ತಿರ ಮೂರು ಸಾವಿರ ಲೀಟರ್ ನೀರು ಬೀಳುತ್ತದೆ. ಅಷ್ಟು ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿಯದೆ ಗೋಡೆಗೆ ಏನು ಬಳಿದರೂ ಅದು ನಿಲ್ಲುವುದಿಲ್ಲ.

ಇದನ್ನು ನಾನು ಖರ್ಚು ಮಾಡಿಯೇ ಕಲಿತದ್ದು. ನಮ್ಮ ಮನೆಯ ಹಿಂಗೋಡೆಗೆ ಐದು ವರ್ಷಗಳಲ್ಲಿ ಎರಡು ಬಾರಿ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡನೆಯ ಸಲ ನೀರು ತಡೆಯುವ ರಾಸಾಯನಿಕವನ್ನೂ ಬೆರೆಸಿದ್ದರು. ಪ್ರತಿ ಸಲವೂ ತೇವ ಮೊದಲಿಗಿಂತ ಒಂದಡಿ ಮೇಲಕ್ಕೆ ಏರಿತು. ಆಮೇಲೆ ಬಚ್ಚಲಿನ ಪೈಪು ಹೂಳಲು ಗೋಡೆಯ ಬುಡ ಅಗೆದಾಗ, ಪಂಚಾಂಗದ (ನೆಲದಿಂದ ಮೇಲೆ ಗೋಡೆಯನ್ನು ಹೊರುವ ಕಟ್ಟೆಯ) ಕಲ್ಲು ಮುಕ್ಕಾಲು ಅಡಿಯಷ್ಟು ಮಣ್ಣಿನಲ್ಲಿ ಮುಚ್ಚಿಹೋಗಿರುವುದು ಕಂಡಿತು. ವರ್ಷಗಟ್ಟಲೆ ಗುಡಿಸಿ ಒಟ್ಟಿದ ತರಗು, ಪಾತ್ರೆ ತೊಳೆದ ಬೂದಿ, ಹೂವಿನ ಗಿಡಕ್ಕೆ ಹಾಕಿದ ಗೊಬ್ಬರ, ಇವೆಲ್ಲ ಸೇರಿ ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೆ ಬಂದಿತ್ತು. ನೀವು ಕಳಿಸಿದ ಮೂರನೆಯ ಚಿತ್ರದಲ್ಲಿಯೂ ಪಂಚಾಂಗ ಕಾಣುತ್ತಿಲ್ಲ. ಮಲ್ಲಿಗೆ ಬಳ್ಳಿಯ ಬುಡದ ಮಣ್ಣು ಗಿಲಾವಿಗೆ ತಾಗಿದೆ.

ಜಂಬಿಟ್ಟಿಗೆ ಕಲ್ಲು ಸಣ್ಣ ರಂಧ್ರಗಳಿಂದ ತುಂಬಿದ್ದು. ಬುಡದಲ್ಲಿ ನೀರು ಸಿಕ್ಕಿದರೆ ಎಳೆದುಕೊಳ್ಳುತ್ತದೆ, ಬಿಸಿಲು ಗಾಳಿ ಸಿಕ್ಕಿದರೆ ಬಿಟ್ಟುಕೊಡುತ್ತದೆ. ಸುಣ್ಣದ ಗಿಲಾವು ಹೀಗೆ ಬಿಟ್ಟುಕೊಡುವುದಕ್ಕೆ ಅಡ್ಡಿ ಮಾಡುವುದಿಲ್ಲ. ಸಿಮೆಂಟ್ ಗಟ್ಟಿ, ಆದರೆ ಬಿಗಿ; ಒಳಗಿನ ತೇವ ಹೊರಬರಲು ದಾರಿ ಕಾಣದೆ ಇನ್ನೂ ಮೇಲಕ್ಕೆ ಏರುತ್ತದೆ, ಜೊತೆಯಲ್ಲಿ ಕರಗಿ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ಹಾಳೆಹಾಳೆಯಾಗಿ ಕಳಚುವುದು ಈ ತಳ್ಳುವಿಕೆಯಿಂದ. ಮೂರಡಿ ಟೈಲ್ಸ್ ಅಂಟಿಸಿದರೆ ತೇವ ನಾಲ್ಕನೆಯ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಳಗಿನ ಕೆಸರುಮಣ್ಣಿನ ಬೆಸುಗೆ ಮೆತ್ತಗಾಗುತ್ತಿರುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನನಗೆ ಹೆಚ್ಚು ಭಯವಾಗುವುದು ಅದಕ್ಕೇ.

ಈಗ ಕೆಲಸಕ್ಕೆ ಬರೋಣ. ಗೋಡೆಯಿಂದ ಸೂರಿನ ನೀರು ಬೀಳುವ ಗೆರೆಯವರೆಗೆ, ಅಂದರೆ ನಿಮ್ಮಲ್ಲಿ ಎರಡೂವರೆ ಅಡಿ ಅಗಲಕ್ಕೆ, ಮಣ್ಣನ್ನು ತೆಗೆಯಿರಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ತಗ್ಗಿನಲ್ಲಿರಬೇಕು. ಮುಕ್ಕಾಲು ಅಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಪಂಚಾಂಗದ ಕೆಳಗಿನ ಸಾಲು ಕಾಣುವಷ್ಟು ಆಳಕ್ಕೆ ಹೋಗಬೇಡಿ, ಹಳೆಯ ಮನೆಗಳ ಅಡಿಪಾಯ ನಾವು ಎಣಿಸಿದಷ್ಟು ಆಳವಿರುವುದಿಲ್ಲ. ಉಳಿದ ನೆಲವನ್ನು ಗೋಡೆಯಿಂದ ಹೊರಕ್ಕೆ ಒಂದೂವರೆಯಿಂದ ಎರಡು ಅಂಗುಲ ಇಳಿಜಾರು ಬರುವಂತೆ ಕೆತ್ತಿ, ನೀರು ಚಿಮುಕಿಸಿ, ಚೆನ್ನಾಗಿ ಬಡಿದು ಗಟ್ಟಿಮಾಡಿ. ಅದರ ಮೇಲೆ ಕಾಂಕ್ರೀಟ್ ಹಾಸುವುದು ರೂಢಿಯಲ್ಲಿದೆಯಾದರೂ, ಅಡಿಯಲ್ಲಿ ತೇವ ತಡೆಯುವ ಪದರವಿಲ್ಲದ ಇಂಥ ಗೋಡೆಗೆ ನಾನು ಅದನ್ನು ಹೇಳುವುದಿಲ್ಲ. ನೆಲದಿಂದ ಆವಿಯಾಗಿ ಹೋಗಬೇಕಾದ ತೇವವೂ ಆಗ ಗೋಡೆಯನ್ನೇ ಹುಡುಕಿಕೊಂಡು ಬರುತ್ತದೆ. ಎರಡು ಅಂಗುಲ ಜಲ್ಲಿ ಹರಡಿದರೆ ಸಾಕು. ಸೂರಿನ ಹನಿ ಗಟ್ಟಿ ನೆಲಕ್ಕೆ ಬಡಿದು ಗೋಡೆಗೆ ಸಿಡಿಯುವುದು ಜಲ್ಲಿಯಿಂದ ಬಹಳಷ್ಟು ಕಡಿಮೆಯಾಗುತ್ತದೆ.

ಸೂರಿನ ಗೆರೆಯ ನೇರ ಕೆಳಗೆ ಒಂದಡಿ ಅಗಲ, ಮುಕ್ಕಾಲು ಅಡಿ ಆಳದ ಬಸಿಗಾಲುವೆ ತೆಗೆಯಿರಿ. ತೋಟದ ಬಸಿಗಾಲುವೆ ತೆಗೆದು ಗೊತ್ತಿರುವವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ಇಳಿಜಾರನ್ನು ಕಣ್ಣಳತೆಗೆ ಬಿಡಬಾರದು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿಯ ಗೂಟಗಳಿಗೆ ಮಟ್ಟ ಗುರುತಿಸಿಕೊಂಡು, ಪ್ರತಿ ಎಂಟು ಅಡಿಗೆ ಒಂದು ಅಂಗುಲದಂತೆ ಇಳಿಸಿ. 20 ಅಡಿಗೆ ಎರಡೂವರೆ ಅಂಗುಲವಾಯಿತು. ತಳಕ್ಕೆ ಚಪ್ಪಟೆ ಕಲ್ಲು ಹಾಸಿದರೆ ನೀರು ಮಣ್ಣನ್ನು ಕೊರೆಯುವುದಿಲ್ಲ, ವರ್ಷಕ್ಕೆರಡು ಸಲ ಸಲಿಕೆ ಎಳೆದು ಹೂಳು ತೆಗೆಯುವುದೂ ಸುಲಭ. ಕಾಲುವೆಯ ಬಾಯಿ ಮನೆಯಿಂದ ಕನಿಷ್ಠ 15 ಅಡಿ ದೂರದಲ್ಲಿ ತಗ್ಗಿಗೆ ತೆರೆದುಕೊಳ್ಳಲಿ. ಬಾವಿಯ ಕಡೆಗಾಗಲಿ, ಶೌಚದ ಗುಂಡಿಯ ಕಡೆಗಾಗಲಿ, ನೆರೆಯವರ ಪಾಗಾರದ (ಕಾಂಪೌಂಡ್ ಗೋಡೆಯ) ಬುಡಕ್ಕಾಗಲಿ ಬಿಡಬೇಡಿ.

ಬಡಿದರೆ ಟೊಳ್ಳು ಸದ್ದು ಬರುವ ಸಿಮೆಂಟ್ ಗಿಲಾವನ್ನು ಮಾತ್ರ ಈಗ ಬಿಡಿಸಿ. ಚಾಣವನ್ನು ಓರೆಯಾಗಿ ಹಿಡಿದು ಹಗುರವಾದ ಸುತ್ತಿಗೆಯಿಂದ ಎಬ್ಬಿಸಬೇಕು. ನೇರವಾಗಿ ಹೊಡೆದರೆ ಕಲ್ಲಿನ ಮೋರೆಯೂ ಜೊತೆಯಲ್ಲೇ ಕಿತ್ತುಬರುತ್ತದೆ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಒಟ್ಟುಮಾಡಿ ದೂರ ಹಾಕಿ. ನೀರು ಹಾಕಿ ತೊಳೆಯಬೇಡಿ, ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಸೇರುತ್ತದೆ. ಈ ಕೆಲಸಕ್ಕೆ ಮುಂಚೆ ನೆಲದ ಮೇಲೆ ಹಳೆಯ ಟಾರ್ಪಾಲು ಹಾಸಲೇಬೇಕು. ಮನೆಬಳಕೆಯ ಬಣ್ಣಗಳಲ್ಲಿ ವಿಷಕಾರಿಯಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆಬಣ್ಣ ಕಿಟಕಿಯ ಚೌಕಟ್ಟಿನಲ್ಲೋ ಗೋಡೆಯ ಪಟ್ಟಿಯಲ್ಲೋ ಇದ್ದರೆ, ಅದರ ಚಕ್ಕೆಗಳು ನಾಳೆ ಸೊಪ್ಪು ಬೆಳೆಯುವ ಮಣ್ಣಿಗೆ ಬೀಳಬಾರದು. ಮಕ್ಕಳಿರುವ ಮನೆ ಎಂದಿದ್ದೀರಿ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೀಗೆ ತೆರೆದ ಗೋಡೆಯನ್ನು ಪಡುವಣ ಗಾಳಿಮಳೆಗೆ ಬರಿದೇ ಬಿಡುವಂತಿಲ್ಲ, ಮಣ್ಣಿನ ಬೆಸುಗೆ ತೊಳೆದುಹೋಗುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದೇ ಇದಕ್ಕೆ ಉತ್ತಮ ಉಪಾಯ. ಬಿದಿರಿನ ಅಡ್ಡಗಳಕ್ಕೆ ಸೋಗೆಯನ್ನು ಒತ್ತಾಗಿ ಹೆಣೆದು, ಗೋಡೆಗೆ ತಾಗಿಸದೆ ಅರ್ಧ ಅಡಿ ಬಿಟ್ಟು, ಕೆಳಗೆ ನೆಲದಿಂದಲೂ ಅರ್ಧ ಅಡಿ ಎತ್ತರಿಸಿ ನಿಲ್ಲಿಸಿ. ಎರಚಲು ಹೊರಗೇ ನಿಲ್ಲುತ್ತದೆ, ಹಿಂದೆ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಹಾಳೆ ಇಳಿಬಿಡುವುದು ಈಗ ಎಲ್ಲೆಡೆ ಕಾಣುತ್ತದೆ, ಆದರೆ ಗೋಡೆಗೆ ಅಂಟಿಕೊಂಡ ಪ್ಲಾಸ್ಟಿಕ್ ಸಿಮೆಂಟಿನಂತೆಯೇ ತೇವವನ್ನು ಒಳಗೆ ಕೂಡಿಹಾಕುತ್ತದೆ.

ಹಂಚಿನ ವಿಷಯ ಚಿಕ್ಕದು. ಒಡೆದದ್ದನ್ನು ಬದಲಿಸುವಾಗ ಹಳೆಯ ಹಂಚೊಂದನ್ನು ಅಂಗಡಿಗೆ ಕೊಂಡೊಯ್ಯಿರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳು ಬಂದವು. ಒಂದರ ಹಂಚಿನ ಕಚ್ಚು ಇನ್ನೊಂದರದಕ್ಕೆ ಕೂಡದಿರುವುದುಂಟು, ಕೂಡದ ಕಡೆ ಸೋರುತ್ತದೆ. ಪಾಚಿ ಒದ್ದೆಯಾಗಿರುವಾಗ ಮಾಡು ಹತ್ತಬೇಡಿ. ಕಂಬದಿಂದ ಮನೆಗೆ ಬರುವ ವಿದ್ಯುತ್ ತಂತಿಯ ಬಳಿ ಅಲ್ಯೂಮಿನಿಯಂ ಏಣಿಯನ್ನು ಒಯ್ಯಲೇಬೇಡಿ.

ಇನ್ನು ಮಡಿ. ಗೋಡೆಯ ಬುಡದಿಂದ ತೆಗೆದ ಮಣ್ಣನ್ನು ಎಸೆಯುವ ಅಗತ್ಯವೇ ಇಲ್ಲ. 20 ಅಡಿ ಉದ್ದ, ಎರಡೂವರೆ ಅಡಿ ಅಗಲ, ಮುಕ್ಕಾಲು ಅಡಿ ಆಳದ ಮಣ್ಣೆಂದರೆ ಸುಮಾರು 37 ಘನ ಅಡಿ; 12 ಅಡಿ ಉದ್ದ, ಮೂರಡಿ ಅಗಲ, ಒಂದಡಿ ಎತ್ತರದ ಏರುಮಡಿಗೆ ಬೇಕಾಗುವುದು 36. ಗೋಡೆಗೆ ಕೇಡು ಮಾಡುತ್ತಿದ್ದ ಆ ಮಣ್ಣು ವರ್ಷಗಳ ತರಗು ಬೂದಿ ತಿಂದು ಕಪ್ಪಗಾಗಿದೆ, ತರಕಾರಿಗೆ ಅದಕ್ಕಿಂತ ಹದವಾದ ಮಣ್ಣನ್ನು ನೀವು ದುಡ್ಡು ಕೊಟ್ಟು ತರಲಾರಿರಿ. ಗಿಲಾವು ಬಿಡಿಸುವುದಕ್ಕೆ ಮೊದಲೇ ಅದನ್ನು ಸಾಗಿಸಿಬಿಟ್ಟರೆ ಹೊಸದಾಗಿ ಚಕ್ಕೆ ಸೇರುವ ಚಿಂತೆಯಿಲ್ಲ; ಆದರೆ ಹಳೆಯ ಎಣ್ಣೆಬಣ್ಣದ ಚಕ್ಕೆ ಈಗಾಗಲೇ ಬಿದ್ದಿರುವ ಮಣ್ಣನ್ನು ಮಡಿಗೆ ಹಾಕಬೇಡಿ. ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಅಗಲ ಮೂರಡಿ ಮೀರಬಾರದು, ಎರಡೂ ಬದಿಯಿಂದ ಕೈ ನಿಲುಕಬೇಕು; ಮಳೆಗಾಲದಲ್ಲಿ ಮಡಿಯ ಮೇಲೆ ಕಾಲಿಟ್ಟರೆ ಮಣ್ಣು ಹಿಡಿದುಕೊಂಡು ಬೇರು ಕೊಳೆಯುತ್ತದೆ.

ಬೆಂಡೆ, ಹೀರೆ, ಸೌತೆಯ ಬೀಜವನ್ನು ಈ ಮೇ ತಿಂಗಳ ಅಡ್ಡಮಳೆಯಲ್ಲೇ ಊರಿ. ಜೋರು ಮಳೆ ಹಿಡಿಯುವಷ್ಟರಲ್ಲಿ ಸಸಿ ನಾಲ್ಕೈದು ಎಲೆ ಬಿಟ್ಟಿದ್ದರೆ ಉಳಿಯುತ್ತದೆ, ಜೂನ್ ನಡುವೆ ಊರಿದರೆ ಬೀಜವೇ ಕೊಳೆಯುತ್ತದೆ. ಬಸಳೆಗೆ ಬಲಿತ ದಂಟು ನೆಟ್ಟು ಚಪ್ಪರ ಕೊಡಿ, ಆದರೆ ಆ ಚಪ್ಪರದ ಗೂಟ ಗೋಡೆಗೆ ತಾಗದಿರಲಿ. ಹರಿವೆ, ಟೊಮೆಟೊ, ಕೊತ್ತಂಬರಿಗೆ ಜುಲೈ ಮಳೆ ಆಗಿಬರುವುದಿಲ್ಲ, ಮಳೆ ಇಳಿದ ಮೇಲೆ ಹಾಕಿ. ಕಾಲುವೆಯ ಬಾಯಿಯ ತೇವದಲ್ಲಿ ಕೆಸು ಮತ್ತು ಒಂದೆಲಗ ತಾವಾಗಿಯೇ ಹುಲುಸಾಗುತ್ತವೆ, ಬಾಳೆಯೂ ಅಲ್ಲಿಗೇ ಸರಿ. ಮಡಿಗೆ ತರಗು ಹೊದಿಸುವುದು ಬೇಕಾದದ್ದೇ, ಆದರೆ ಒಂದು ಹಿಡಿಯೂ ಗೋಡೆಯ ಬಳಿ ಉಳಿಯಬಾರದು, ಅದರಡಿಯಲ್ಲಿ ಒರಲೆ (ಗೆದ್ದಲು) ಗೋಡೆಗೆ ದಾರಿ ಮಾಡಿಕೊಂಡು ಮಾಡಿನ ಪಕಾಸಿಯವರೆಗೆ (ಹಂಚು ಹೊರುವ ಮರದವರೆಗೆ) ಹೋಗಬಲ್ಲದು. ಮಲ್ಲಿಗೆಯನ್ನು ಈಗ ಸವರಿ, ಮೊದಲ ಮಳೆಗೆ ಬೇರು ಸಮೇತ ಮಣ್ಣಿನ ಹೆಂಟೆಯೊಡನೆ ಎತ್ತಿ ಪಾಗಾರದ ಬದಿಗೆ ನೆಡಿ. ಗೋಡೆಯ ಸಂದಿನಲ್ಲಿ ಕಾಣುವ ಅಶ್ವತ್ಥದ ಸಸಿಯನ್ನು ಎಳೆದು ಕೀಳಬೇಡಿ, ಕಲ್ಲು ಸಡಿಲವಾಗುತ್ತದೆ. ಚಿಗುರಿದಾಗಲೆಲ್ಲ ಕತ್ತರಿಸುತ್ತಿರಿ, ಗಿಲಾವಿನ ಸಮಯದಲ್ಲಿ ಆ ಕಲ್ಲನ್ನೇ ಬಿಡಿಸಿ ಬೇರು ತೆಗೆದು ಮತ್ತೆ ಕೂರಿಸಬಹುದು.

ದೀಪಾವಳಿಯ ಗಿಲಾವಿಗೆ ಸುಣ್ಣವನ್ನು ಒಂದು ತಿಂಗಳು ಮೊದಲೇ ತಂದು ಅರಳಿಸಿಡಿ. ಗುಂಡಿಯಲ್ಲಿ ನೀರು ತುಂಬಿ, ಅದಕ್ಕೆ ಸುಟ್ಟ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಪ್ಲಾಸ್ಟಿಕ್ ತೊಟ್ಟಿ ಬಳಸಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಆ ದಿನ ಹಿತ್ತಲಿಗೆ ಬಿಡಬೇಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ಎರಡು ಅಂಗುಲ ನೀರು ನಿಲ್ಲಿಸಿ ಮುಚ್ಚಿಟ್ಟರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಒಂದು ಪಾಲು ಈ ಸುಣ್ಣಕ್ಕೆ ಮೂರು ಪಾಲು ಉಪ್ಪಿನಂಶವಿಲ್ಲದ ಒರಟು ಮರಳು ಸೇರಿಸಿ ಚೆನ್ನಾಗಿ ಮಿದಿಯಬೇಕು. ಹಿಂದಿನವರು ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರನ್ನೂ ಬೆರೆಸುತ್ತಿದ್ದರು. ಮೊದಲ ಸಲ ಮಾಡುವವರಿಗೆ ಅದಿಲ್ಲದೆಯೂ ಕೆಲಸ ಕೆಡುವುದಿಲ್ಲ.

ಗೋಡೆಯನ್ನು ಹಿಂದಿನ ದಿನ ನೆನೆಸಿ, ಟೊಳ್ಳಾದ ಬೆಸುಗೆಗಳನ್ನು ಒಂದು ಅಂಗುಲ ಕೆರೆದು ಇದೇ ಗಾರೆಯಿಂದ ತುಂಬಿ. ಆಮೇಲೆ ಅರ್ಧ ಅಂಗುಲಕ್ಕಿಂತ ದಪ್ಪವಾಗದಂತೆ ಮೊದಲ ಪದರ ಎಳೆದು ಗೀರು ಹಾಕಿ ಬಿಡಿ. ಒಂದು ವಾರ ಕಳೆದು ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಎರಡನೆಯದು. ಎರಡೂ ಪದರಗಳಿಗೆ ಒದ್ದೆ ಗೋಣಿಯ ತೆರೆ ಇಳಿಬಿಟ್ಟು ಒಂದು ವಾರವಾದರೂ ತಂಪಾಗಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು, ಬರಿದೇ ಒಣಗಿ ಅಲ್ಲ. ಬೇಗ ಒಣಗಿಸಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಮಳೆಗೆ ಮುಂಚಿನ ಈ ಎರಡು ಮೂರು ವಾರಗಳಲ್ಲಿ ಮಾಡಬೇಡಿ ಎಂದದ್ದು ಇದಕ್ಕಾಗಿಯೇ. ದೀಪಾವಳಿಯ ನಂತರ ಮಾಡಿದ ಗಿಲಾವಿಗೆ ಮುಂದಿನ ಮಳೆಗೆ ಮುಂಚೆ ಆರು ತಿಂಗಳು ಸಿಗುತ್ತದೆ. ಕೊನೆಗೆ ತೆಳುವಾದ ಸುಣ್ಣದ ನೀರನ್ನು ಮೂರು ಸಲ ಹೊಡೆಯಿರಿ. ಮೇಲೆ ಎಮಲ್ಷನ್ ಬಣ್ಣ ಬೇಡ.

ಕಾಲುವೆ ತೆಗೆದ ಮೇಲೆ ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಕಾಲು ಗಂಟೆ ನಿಂತು ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಸೂರಿನ ಧಾರೆ ಗಾಳಿಗೆ ಕಾಲುವೆ ಬಿಟ್ಟು ಒಳಗೆ ಬೀಳುತ್ತಿದೆಯೇ ಎಂದು ಗಮನಿಸಿ, ಅಲ್ಲಲ್ಲಿ ಗೂಟ ನೆಟ್ಟು ಗುರುತು ಮಾಡಿ. ಆ ಗೂಟಗಳು ಕಾಣುವಂತೆ ಒಂದು ಚಿತ್ರ ತೆಗೆದು ಇಲ್ಲಿಗೆ ಹಾಕಿದರೆ ಇಳಿಜಾರನ್ನು ಎಲ್ಲಿ ತಿದ್ದಬೇಕೆಂದು ತಿಳಿಸುತ್ತೇನೆ.