ಕೊಲೆಸ್ಟ್ರಾಲ್ ಮಾತ್ರೆ ಶುರುವಾಗಿದೆ, ಇನ್‌ಹೇಲರ್ ಬಿಡಬಹುದಾ?

ಪ್ರಶ್ನೆ: ನನಗೆ 54 ವರ್ಷ. ಇಪ್ಪತ್ತು ವರ್ಷದಿಂದ ಅಸ್ತಮಾ ಇದೆ, ದಿನಕ್ಕೆ ಎರಡು ಹೊತ್ತು ಬುಡೆಸೊನೈಡ್ ಇನ್‌ಹೇಲರ್. ಮೂರು ತಿಂಗಳ ಹಿಂದೆ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ಕೊಟ್ಟರು. ಆಮೇಲೆ ರಾತ್ರಿ ಕೆಮ್ಮು ಕಡಿಮೆಯಾಗಿದೆ. ಈ ಮಾತ್ರೆ ಅಸ್ತಮಾಕ್ಕೂ ಒಳ್ಳೆಯದು ಅಂತ ಓದಿದೆ. ಹತ್ತು ದಿನದಿಂದ ಇನ್‌ಹೇಲರ್ ಒಂದೇ ಹೊತ್ತು ಮಾಡಿದ್ದೇನೆ, ತೊಂದರೆಯಿಲ್ಲ. ಪೂರ್ತಿ ಬಿಡಲಾ?

ಉತ್ತರ: ದಯವಿಟ್ಟು ಬಿಡಬೇಡಿ. ಇವತ್ತು ರಾತ್ರಿಯೇ ಎರಡನೇ ಹೊತ್ತಿನದ್ದು ಮತ್ತೆ ಶುರು ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ನಿಮ್ಮ ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆಗಳು ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯನ್ನು ಶುರುವಿನಲ್ಲೇ ತಡೆಯುತ್ತವೆ. ಅದೇ ದಾರಿಯಲ್ಲಿ ಬೇರೆ ಕೆಲವು ವಸ್ತುಗಳೂ ತಯಾರಾಗುತ್ತವೆ. ಊತ ತರುವ ಜೀವಕೋಶಗಳಿಗೆ ಅವು ಬೇಕು. ಅಸ್ತಮಾ ಅಂದರೆ ಶ್ವಾಸನಾಳದ ಒಳಗಿನ ಊತವೇ ಅಲ್ವಾ? ಆಸೆ ಹುಟ್ಟಿದ್ದು ಅಲ್ಲಿಂದ. ಇಲಿಗಳಲ್ಲಿ ಊತ ಇಳಿಯಿತು ಕೂಡ. ಮನುಷ್ಯರಲ್ಲಿ ಅಷ್ಟು ಸಲೀಸಾಗಲಿಲ್ಲ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 54 ಜನಕ್ಕೆ ಎಂಟು ವಾರ ನಿಮ್ಮದೇ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ ಕೊಟ್ಟು ನೋಡಿದರು. ಕಫದಲ್ಲಿನ ಕೆಲವು ಜೀವಕೋಶಗಳು ಕಡಿಮೆಯಾದವು. ಆದರೆ ಬೆಳಿಗ್ಗೆ ಊದಿದಾಗ ಉಸಿರಿನ ರಭಸ ಹೆಚ್ಚಲಿಲ್ಲ.

ಹಾಗಾದರೆ ಹತ್ತು ದಿನ ಹೇಗೆ ಚೆನ್ನಾಗಿದ್ದೀರಿ? ಇಷ್ಟು ವರ್ಷ ನಿಯಮವಾಗಿ ಎಳೆದುಕೊಂಡ ಔಷಧಿ ಊತವನ್ನು ಇಳಿಸಿಟ್ಟಿದೆ. ಅದು ಮತ್ತೆ ಏರುವುದು ನಿಧಾನಕ್ಕೆ. ನನ್ನ ಅಮ್ಮನಿಗೂ ಅಸ್ತಮಾ ಇತ್ತು. ಚೆನ್ನಾಗಿದ್ದೇನಲ್ಲ ಅಂತ ಒಮ್ಮೆ ಇನ್‌ಹೇಲರ್ ಬಿಟ್ಟರು. ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರ, ನಡುರಾತ್ರಿ ಎದ್ದು ನೋಡಿದರೆ ಮಂಚದ ಅಂಚಿಗೆ ಕೂತಿದ್ದಾರೆ. ಕೈ ಎರಡೂ ಮೊಣಕಾಲ ಮೇಲೆ, ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿದೆ. ‘ನೀರು’ ಅನ್ನುವ ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಂಡರು. ನಿಮಗೆ ಆ ರಾತ್ರಿ ಬರುವುದು ಬೇಡ.

ಕೊಲೆಸ್ಟ್ರಾಲ್ ಮಾತ್ರೆಯನ್ನೂ ಬಿಡಬೇಡಿ, ಅದು ಹೃದಯಕ್ಕೆ ಬೇಕು. ಕಾರಣವಿಲ್ಲದೆ ತೊಡೆ, ತೋಳು ನೋಯತೊಡಗಿದರೆ ವೈದ್ಯರಿಗೆ ಹೇಳಿ. ಎದೆಯ ಸೋಂಕಿಗೆ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದರೆ ಸ್ಟಾಟಿನ್ ನುಂಗುತ್ತಿರುವುದನ್ನು ಮರೆಯದೆ ತಿಳಿಸಿ. ಎರಡೂ ಸೇರಿದರೆ ಸ್ನಾಯುಗಳಿಗೆ ಪೆಟ್ಟಾಗಬಹುದು.

ಇನ್‌ಹೇಲರ್ ಕಡಿಮೆ ಮಾಡುವ ಆಸೆ ತಪ್ಪಲ್ಲ. ಊದಿದ ಉಸಿರಿನ ರಭಸ ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ಇಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ಜಾಸ್ತಿ ಬಂದ ಅಂಕಿಯನ್ನು ಬರೆದಿಡಿ. ಮೂರು ತಿಂಗಳು ಅಸ್ತಮಾ ಪೂರ್ತಿ ಹತೋಟಿಯಲ್ಲಿದ್ದರೆ ಆ ಪುಸ್ತಕ ಹಿಡಿದು ವೈದ್ಯರ ಹತ್ತಿರ ಹೋಗಿ. ಅವರೇ ಒಂದೊಂದು ಮೆಟ್ಟಿಲು ಇಳಿಸುತ್ತಾರೆ.