ಅಂತರಿಕ್ಷದ ಕಥೆಗೆ ಪಿಟೀಲು ಹೊಂದುತ್ತಾ?

ಪ್ರಶ್ನೆ: ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ದ ಮೊದಲ ಶೀರ್ಷಿಕೆ ಸಂಗೀತ 1963ರದ್ದಂತೆ. ಅಷ್ಟು ಹಿಂದೆಯೇ ಅಂಥ ವಿಚಿತ್ರ ಸದ್ದು ಯಾವ ಸಿಂಥಸೈಸರ್‌ನಿಂದ ಬಂತು?

ಉತ್ತರ: ಅದರಲ್ಲಿ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ (ಚಿಕ್ಕದಾಗಿ ಸಿಂಥ್), ಇಲ್ಲವೇ ಇಲ್ಲ. ಇದ್ದದ್ದು ಟೇಪು, ಬ್ಲೇಡು, ಜೊತೆಗೆ ವಿಪರೀತ ತಾಳ್ಮೆ. ರಾಗ ಬರೆದವರು ರಾನ್ ಗ್ರೇನರ್. ಅದನ್ನು ನಾವು ಕೇಳುವ ಸದ್ದಾಗಿ ಮಾಡಿದವರು ಬಿಬಿಸಿಯ ಸದ್ದಿನ ಪ್ರಯೋಗಶಾಲೆ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿದ್ದ ಡೆಲಿಯಾ ಡರ್ಬಿಶೈರ್. ಅವರಿಗೆ ನೆರವಾದವರು ಡಿಕ್ ಮಿಲ್ಸ್.

ಕೆಳಗೆ ಧುಂಧುಂ ಎಂದು ಓಡುತ್ತದಲ್ಲ, ಅದರ ಮೂಲ ಮೀಟಿದ ಒಂದು ತಂತಿ. ಟೇಪನ್ನು ಬೇಗ ಓಡಿಸಿದರೆ ಸ್ವರ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. ಹೀಗೆ ಬೇಕಾದ ಸ್ವರಗಳನ್ನೆಲ್ಲ ಮಾಡಿಕೊಂಡು, ಪ್ರತಿ ತುಂಡನ್ನೂ ಅಳೆದು, ಕತ್ತರಿಸಿ, ಅಂಟಿಸಿದರು. ಮೇಲಿನ ರಾಗಕ್ಕೆ ಆಸಿಲೇಟರ್‌ಗಳು, ಅಂದರೆ ಒಂದೇ ಸ್ವರವನ್ನು ಎಡೆಬಿಡದೆ ಹೊರಡಿಸುವ ವಿದ್ಯುತ್ ಉಪಕರಣಗಳು. ಅವು ಸಂಗೀತಕ್ಕಾಗಿ ಮಾಡಿದವಲ್ಲ, ಉಪಕರಣಗಳನ್ನು ಪರೀಕ್ಷೆ ಮಾಡಲು ಇಟ್ಟಿದ್ದವು. ಸುಯ್ಯೆನ್ನುವ ಗಾಳಿಯಂಥದ್ದು ವೈಟ್ ನಾಯ್ಸ್ ಅನ್ನು (ಎಲ್ಲ ಸ್ವರಗಳೂ ಬೆರೆತ ಸರ್ ಎನ್ನುವ ಸದ್ದನ್ನು) ಸೋಸಿ ಪಡೆದದ್ದು.

ಹಲವು ಎಳೆಗಳನ್ನು ಒಂದೇ ಟೇಪಿನಲ್ಲಿ ಬೇರೆ ಬೇರೆಯಾಗಿ ಹಿಡಿಯುವ ಮಲ್ಟಿಟ್ರ್ಯಾಕ್ ಯಂತ್ರವೂ ಇರಲಿಲ್ಲ. ಬೇರೆ ಬೇರೆ ಟೇಪ್‌ಗಳನ್ನು ಒಂದೇ ಗಳಿಗೆಗೆ ಶುರು ಮಾಡಿ ಬೆರೆಸಬೇಕು. ಎಲ್ಲೋ ಒಂದು ಸ್ವರ ಜಾಗ ತಪ್ಪಿತ್ತು. ಟೇಪ್‌ಗಳನ್ನು ಉದ್ದನೆಯ ಕಾರಿಡಾರ್‌ನಲ್ಲಿ ಪಕ್ಕಪಕ್ಕಕ್ಕೆ ಹಾಸಿದರು. ಅಂಟಿಸಿದ ಜಾಗಗಳು ಸಾಲಾಗಿ ಕೂಡುತ್ತವೆಯೇ ಎಂದು ನೋಡುತ್ತಾ ನಡೆದು ತಪ್ಪು ಹಿಡಿದರು. ಕಿವಿಯ ಕೆಲಸವನ್ನು ಕಣ್ಣು ಮಾಡಿತು!

ಕೇಳಿ ಬೆರಗಾದ ಗ್ರೇನರ್, ಡರ್ಬಿಶೈರ್ ಅವರಿಗೂ ಮನ್ನಣೆ ಸಿಗಲಿ ಎಂದರು. ಸಂಸ್ಥೆಯ ನಿಯಮ ಬಿಡಲಿಲ್ಲ. ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ. ಅವರು 2001ರಲ್ಲೇ ತೀರಿಕೊಂಡಿದ್ದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪ್ರಶ್ನೆ: ಅಂತರಿಕ್ಷದ ಕಥೆಗೆ ಎಲೆಕ್ಟ್ರಾನಿಕ್ ಸಂಗೀತವೇ ಸರಿ, ಪಿಟೀಲು ಗಿಟೀಲು ಹಳೇ ಕಾಲದ್ದು ಅಂತಾನೆ ನನ್ನ ಮಗ. ನೀವೇನಂತೀರಿ?

ಉತ್ತರ: ಮಗನಿಗೆ 1960ರ ದಶಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಶೀರ್ಷಿಕೆ ಸಂಗೀತ ಕೇಳಿಸಿ. ಯಂತ್ರದ್ದು ಎಂದು ಎಷ್ಟೋ ಜನ ನಂಬಿದ ಆ ಮೇಲಿನ ಎಳೆ ಲೂಲಿ ಜೀನ್ ನಾರ್ಮನ್ ಎಂಬ ಗಾಯಕಿಯ ಕಂಠ. ಹಡಗು ಹಾದುಹೋಗುವಾಗಿನ ‘ವೂಶ್’ ಸದ್ದನ್ನು ಸಂಗೀತಗಾರ ಅಲೆಕ್ಸಾಂಡರ್ ಕರೇಜ್ ಬಾಯಲ್ಲೇ ಮಾಡಿದ್ದು. ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದ ಹೊಸ ಅವತಾರದಲ್ಲಿ ಸಂಗೀತ ಸಂಯೋಜಕ ಬೇರ್ ಮೆಕ್ರಿಯರಿ ಅಂತರಿಕ್ಷದ ಕಾಳಗಕ್ಕೆ ಜಪಾನಿನ ಟೈಕೊ ಡೋಲು ಹೊಡೆಸಿದರು, ಅರ್ಮೇನಿಯಾದ ಡುಡುಕ್ ಊದಿಸಿದರು. ‘ಸ್ಟ್ರೇಂಜರ್ ಥಿಂಗ್ಸ್’ ಶೀರ್ಷಿಕೆ ಪೂರ್ತಿ ಸಿಂಥ್, ಅದೂ ಸೊಗಸೇ. ಹಾಗಾಗಿ ಕಾಲದ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಹತ್ತು ಪಿಟೀಲು ಒಂದೇ ಸ್ವರ ನುಡಿಸಿದರೂ ಶ್ರುತಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ಆ ತುಂಬಿದ ನಾದ ಬರೋದೇ ಅದರಿಂದ. ಸಿಂಥ್‌ನವರು ಎರಡು ಆಸಿಲೇಟರ್‌ಗಳ ಶ್ರುತಿಯನ್ನು ಬೇಕೆಂದೇ ಚೂರು ತಪ್ಪಿಸುವುದೂ ಅದೇ ನಾದದ ಆಸೆಗೆ. ಎರಡನ್ನೂ ಬೆರೆಸುವಾಗ ತೊಂದರೆ ಬರೋದು ಕೆಳಗಿನ ಸ್ಥಾಯಿಯಲ್ಲಿ. ಚೆಲ್ಲೊ (ದೊಡ್ಡ ಗಾತ್ರದ, ತಗ್ಗಿನ ದನಿಯ ಪಿಟೀಲಿನಂಥ ವಾದ್ಯ) ಮತ್ತು ಸಿಂಥ್‌ನ ತಗ್ಗಿನ ಸ್ವರ ಒಂದೇ ಸ್ಥಾಯಿಯಲ್ಲಿ ನಿಂತರೆ ಸದ್ದು ರಾಡಿಯಾಗುತ್ತದೆ. ಕೀಬೋರ್ಡ್ ಮುಂದೆಯೇ ಆಯುಷ್ಯ ಕಳೆದ ನಾನು ಇಂಥ ಕಡೆ ನನ್ನ ಕೈಯನ್ನೇ ತೆಗೆಯುತ್ತೇನೆ. ಚೆಲ್ಲೊ ಇರಲಿ.

ಪ್ರಶ್ನೆ: ಕಂಪ್ಯೂಟರ್‌ನಲ್ಲೇ ಆರ್ಕೆಸ್ಟ್ರಾ ಮಾಡುತ್ತೇನೆ. ಆದರೂ ಸುಮ್ನೆ ಪ್ಲಾಸ್ಟಿಕ್ ತರ ಕೇಳಿಸುತ್ತದೆ. ಏನು ಮಾಡಲಿ?

ಉತ್ತರ: ನಿಜವಾದ ಪಿಟೀಲು ನುಡಿಸುವವರು ಒಬ್ಬರು ಸಿಕ್ಕರೂ ಸಾಕು. ಸ್ಯಾಂಪಲ್‌ಗಳ (ಕಂಪ್ಯೂಟರ್‌ನಲ್ಲಿ ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯಗಳ ಸ್ವರಗಳ) ಮೇಲೆ ಅವರ ಒಂದೇ ಎಳೆ ಹಾಕಿ. ಕಡಿಮೆ ದುಡ್ಡಿನ ಧಾರಾವಾಹಿಗಳಲ್ಲೂ ಈ ಉಪಾಯ ನಡೆಯುತ್ತದೆ. ಮತ್ತೆ, ಎಲ್ಲ ಸ್ವರಗಳನ್ನೂ ತಾಳದ ಗೆರೆಗೆ ಕರಾರುವಾಕ್ಕಾಗಿ ಕೂರಿಸಬೇಡಿ, ಒಂದೇ ಜೋರಿನಲ್ಲೂ ಇಡಬೇಡಿ. ಪಾತ್ರಗಳು ಮಾತಾಡುವಾಗ ರಾಗ ನಿಲ್ಲಿಸಿ, ಉದ್ದನೆಯ ಸ್ವರ ಹಿಡಿಯಿರಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂತೆ ಕೇಳಿಸುವ ಪ್ರತಿಧ್ವನಿ) ಈಗ ಹಾಕಿರೋದು ಖಂಡಿತ ಜಾಸ್ತಿ ಇರುತ್ತದೆ, ಅರ್ಧಕ್ಕೆ ಇಳಿಸಿ ಕೇಳಿ.